ನಡಿಗೆ ಬಟ್ಟಲು

ಕೆರೆಯ ತೂಬಿನ ಪಕ್ಕದಲ್ಲಿ ನೀರಿನ ಕೋಣೆ ಇದೆ. ಕೋಣೆ ಎಂದರೆ ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಕಾಲುವೆ. ಒಳಗೆ ಮೊಣಕಾಲೆತ್ತರದ ಕಲ್ಲಿನ ತೊಟ್ಟಿ, ತೊಟ್ಟಿಯ ತುಂಬ ತಿಳಿನೀರು, ನೀರಿನ ಮೇಲೆ ತೇಲುವ ತಾಮ್ರದ ಬಟ್ಟಲು. ಬಟ್ಟಲಿನ ತಳದಲ್ಲಿ ಒಂದು ಸಣ್ಣ ತೂತು. ತೂತಿನಿಂದ ನೀರು ಮೆಲ್ಲಗೆ ಮೇಲೆದ್ದು ಬಟ್ಟಲನ್ನು ತುಂಬುತ್ತದೆ. ತುಂಬಿದ ಬಟ್ಟಲು ಒಮ್ಮೆ ಓಲಾಡಿ, ಗುಳುಂ ಎಂದು ಮುಳುಗುತ್ತದೆ. ಅಲ್ಲಿಗೆ ಒಂದು ಗಳಿಗೆ, ಒಂದು ಬಟ್ಟಲು. ಕೆರೆಯ ಕೆಳಗಿನ ಇಪ್ಪತ್ತೊಂದು ಹೊಲಗಳಿಗೆ ನೀರು ಹಂಚುವುದು ಈ ಲೆಕ್ಕದಲ್ಲಿ. ಒಬ್ಬರಿಗೆ ಹದಿನಾರು ಬಟ್ಟಲು, ಒಬ್ಬರಿಗೆ ಹತ್ತು, ಇನ್ನೊಬ್ಬರಿಗೆ ಮೂರೇ ಮೂರು.

ಆ ತೊಟ್ಟಿಯ ಎದುರು ಮಣೆ ಹಾಕಿಕೊಂಡು ಇಪ್ಪತ್ತಾರು ವರ್ಷ ಕೂತವಳು ಬಟ್ಟಲಕ್ಕ. ಹುಟ್ಟಿದಾಗ ಇಟ್ಟ ಹೆಸರು ಬೇರೆ ಇದೆ. ಅದು ಮತದಾರರ ಪಟ್ಟಿ ಬರೆಯುವವರಿಗೆ ಗೊತ್ತು, ನಮಗೆ ಯಾರಿಗೂ ಬೇಕಾಗಿಲ್ಲ. ಬೆಳಗಾದರೆ ತೂಬು ತೆರೆಯುತ್ತಾಳೆ, ಹೊತ್ತು ಮುಳುಗಿದರೆ ಮುಚ್ಚುತ್ತಾಳೆ. ನಡುವೆ ಬಟ್ಟಲು ಮುಳುಗಿದಾಗಲೆಲ್ಲ ತೊಟ್ಟಿಗೆ ಕೈ ಹಾಕಿ ಎತ್ತಿ, ನೀರು ಚೆಲ್ಲಿ, ಮತ್ತೆ ತೇಲಿಬಿಡುತ್ತಾಳೆ. ಎಡಗಡೆಯ ಕುಳಿಯಿಂದ ಒಂದು ಕಲ್ಲಿನ ಹರಳು ಬಲಗಡೆಯ ಕುಳಿಗೆ ಹೋಗುತ್ತದೆ. ಒಂದು ಹೊಲದ ಪಾಲು ಮುಗಿದಾಗ, ಸೂರಿನಿಂದ ಇಳಿಬಿಟ್ಟ ರೈಲು ಕಂಬಿಯ ತುಂಡಿಗೆ ಸುತ್ತಿಗೆಯಿಂದ ಬಾರಿಸುತ್ತಾಳೆ. ಗಂಟೆ ಕೇಳಿದ ಕೂಡಲೇ ಆ ಹೊಲದವನು ತನ್ನ ಬದುವಿನ ಮಡೆ ಮುಚ್ಚಬೇಕು, ಮುಂದಿನವನು ತನ್ನದನ್ನು ತೆರೆಯಬೇಕು. ಇಷ್ಟೇ ಕೆಲಸ. ಆದರೆ ಕಣ್ಣು ತೆಗೆಯುವ ಹಾಗಿಲ್ಲ. ಆಕೆಯ ಬಲಗೈ ಬೆರಳುಗಳು ವರ್ಷವಿಡೀ ನೆನೆಹಾಕಿದ ಕಾಳಿನಂತೆ ಸುಕ್ಕುಗಟ್ಟಿರುತ್ತವೆ. ಊಟ ಎಡಗೈಯಲ್ಲೇ, ಅದೂ ಬಟ್ಟಲು ನೋಡುತ್ತಲೇ.

ಹಿಂದೆ ಒಮ್ಮೆ ಕೈಗಡಿಯಾರ ನೋಡಿ ನೀರು ಹಂಚಲು ಹೊರಟಿದ್ದರಂತೆ. ಒಬ್ಬನ ಗಡಿಯಾರ ಐದು ನಿಮಿಷ ಮುಂದೆ, ಇನ್ನೊಬ್ಬನದು ಹತ್ತು ನಿಮಿಷ ಹಿಂದೆ. ಕಾಲುವೆಯಲ್ಲಿ ನೀರಿಗಿಂತ ಜಗಳವೇ ಜಾಸ್ತಿ ಹರಿಯಿತು. ಕೊನೆಗೆ ಎಲ್ಲರೂ ಬಟ್ಟಲಿಗೇ ಮರಳಿ ಬಂದು, ನೀರಿನ ಕೋಣೆಯೊಳಗೆ ಗಡಿಯಾರ ತರಕೂಡದು, ನಿಮಿಷದ ಮಾತು ಎತ್ತಕೂಡದು ಎಂದು ಕಟ್ಟು ಮಾಡಿಕೊಂಡರು. ಬಟ್ಟಲಕ್ಕ ಆ ಕಟ್ಟನ್ನು ತನ್ನ ಸೆರಗಿನ ಗಂಟಿನಷ್ಟೇ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಆಕೆ ಸೊಸೆಯಾಗಿ ಬಂದಾಗ ಬಟ್ಟಲು ಅತ್ತೆಯ ಕೈಯಲ್ಲಿತ್ತು. ಅದು ತಾಮ್ರವೋ ಕಬ್ಬಿಣವೋ ತಿಳಿಯದಷ್ಟು ಕಪ್ಪಾಗಿತ್ತು. ಬಂದ ವಾರದಲ್ಲೇ ಹೊಸ ಸೊಸೆ ಹುಣಸೆಹುಳಿ, ಬೂದಿ ಹಾಕಿ ಅದನ್ನು ತಿಕ್ಕಿ ಥಳಥಳ ಹೊಳೆಸಿ ತಂದಳು. ಹೊಗಳುತ್ತಾರೆಂದುಕೊಂಡಿದ್ದಳು.

"ಅದನ್ನ ಯಾಕೆ ತಿಕ್ಕಿದೆ? ಅದು ಊಟದ ಪಾತ್ರೆ ಅಲ್ಲ ಕಣೇ" ಎಂದಿದ್ದರು ಅತ್ತೆ. ಸೋಮಾರಿತನಕ್ಕೆ ಇದೊಂದು ನೆಪ ಎಂದು ಸೊಸೆ ಒಳಗೊಳಗೇ ನಕ್ಕಳು. ಅತ್ತೆಯ ಕಣ್ಣು ಮಂಜಾಗಿ ಬಟ್ಟಲು ತನ್ನ ಕೈಗೆ ಬಂದ ಮೇಲೆ ಕೇಳುವವರು ಯಾರು? ದಿನಾ ಸಂಜೆ ಹುಳಿ, ಬೂದಿ. ತೂತಿನಲ್ಲಿ ಕೂತ ಬೂದಿ ತೆಗೆಯಲು ಗೋಣಿಚೀಲ ಹೊಲಿಯುವ ದಬ್ಬಳದ ಮೊನೆ. ಮನೆಗೆ ಬಂದವರಿಗೆಲ್ಲ, "ಮುಖ ನೋಡ್ಕೊಳ್ಳಿ ಬೇಕಾದ್ರೆ" ಎಂದು ಬಟ್ಟಲು ಹಿಡಿಯುತ್ತಿದ್ದಳು. ನಿಜಕ್ಕೂ ಮುಖ ಕಾಣುತ್ತಿತ್ತು.

ಇನ್ನು ನಡಿಗೆ ಬಟ್ಟಲಿನ ವಿಷಯ ಹೇಳಬೇಕು. ಇಪ್ಪತ್ತು ಹೊಲಗಳು ಕಾಲುವೆಗೆ ಅಂಟಿಕೊಂಡೇ ಇವೆ. ಒಬ್ಬರ ಮಡೆ ಮುಚ್ಚಿದರೆ ನೀರು ನಾಲ್ಕು ಹೆಜ್ಜೆಯಲ್ಲಿ ಮುಂದಿನವರ ಮಡೆಗೆ ಬರುತ್ತದೆ. ಇಪ್ಪತ್ತೊಂದನೆಯದು ಮಾತ್ರ ರಸ್ತೆಯ ಆಚೆ, ದೂರದಲ್ಲಿದೆ. ಅಲ್ಲಿಯವರೆಗಿನ ಕಾಲುವೆ ಮರಳು ಮಿಶ್ರಿತ ಮಣ್ಣಿನದು. ಮೊದಲು ತಾನು ಕುಡಿದು ಆಮೇಲೆ ನೀರನ್ನು ಮುಂದೆ ಬಿಡುತ್ತದೆ. ತೂಬು ಮುಚ್ಚಿದ ಮೇಲೆ ಉಳಿದ ನೀರನ್ನೂ ಅದೇ ನುಂಗುತ್ತದೆ. ಅದಕ್ಕೆ ಹಿರಿಯರು ಕೊನೆಹೊಲಕ್ಕೆ ಮೂರು ಬಟ್ಟಲಿನ ಜೊತೆ ಒಂದು ಹೆಚ್ಚಿನ ಬಟ್ಟಲು ಇಟ್ಟರು. ಅದು ಹೊಲದ ಲೆಕ್ಕಕ್ಕೆ ಸೇರಿದ್ದಲ್ಲ. ನೀರು ಅಲ್ಲಿಯವರೆಗೆ ನಡೆದು ಹೋಗಲು ಕೊಟ್ಟ ಹೊತ್ತು. ನಡಿಗೆ ಬಟ್ಟಲು ಮುಳುಗಿದಾಗ ಒಂದೇ ಒಂದು ಪೆಟ್ಟು ಬಾರಿಸಬೇಕು. "ಗಂಟೆ, ನೀರು ಎರಡೂ ಒಟ್ಟಿಗೆ ಕೊನೆಹೊಲ ಮುಟ್ಟಬೇಕು" ಎಂದು ಅತ್ತೆ ಹೇಳುತ್ತಿದ್ದರು. ಅಲ್ಲಿಂದ ಮುಂದೆ ಮೂರು ಬಟ್ಟಲಿನ ಎಣಿಕೆ.

ಆ ಕೊನೆಹೊಲವನ್ನು ಈಗ ನಾಲ್ಕು ವರ್ಷದಿಂದ ಮಾಡುತ್ತಿದ್ದವಳು ಬೇಕರಿಯವಳು. ಒಂಬತ್ತು ವರ್ಷ ಪೇಟೆಯ ಬೇಕರಿಯೊಂದರಲ್ಲಿ ಒಲೆಯ ಮುಂದೆ ನಿಂತು ದುಡಿದು, ಅಪ್ಪನ ಸೊಂಟ ಬಿದ್ದ ಮೇಲೆ ಹೊಲಕ್ಕೆ ಬಂದವಳು. ಈ ಸಲ ಮೂವತ್ತು ಸಾಲು ಟೊಮೆಟೊ ಹಾಕಿದ್ದಳು. ಒಂದು ಮಧ್ಯಾಹ್ನ, ತನ್ನ ಸರದಿ ಮುಗಿದ ಕೂಡಲೇ, ಗುದ್ದಲಿ ಹೆಗಲ ಮೇಲೆ ಇಟ್ಟುಕೊಂಡೇ ನೀರಿನ ಕೋಣೆಗೆ ಬಂದಳು.

"ಅಕ್ಕಾ, ಇವತ್ತೂ ನನ್ನ ಸಾಲುಗಳ ತುದಿ ನೆನೀಲಿಲ್ಲ."

"ನಾಲ್ಕೂ ಬಟ್ಟಲು ಮುಳುಗಿದೆಯಮ್ಮ. ಹರಳು ನೋಡು, ನಾಲ್ಕು."

"ಹರಳು ಎಣಿಸೋಕೆ ಬಂದಿಲ್ಲ. ನೀರು ಇನ್ನೂ ರಸ್ತೆ ಮೋರಿ ಹತ್ರ ಇರುವಾಗಲೇ ನಿಮ್ಮ ಮೊದಲ ಪೆಟ್ಟು ಕೇಳುತ್ತೆ. ನೀರು ಬರೋ ಹೊತ್ತಿಗೆ ನನ್ನ ಪಾಲಿನ ಅರ್ಧ ಬಟ್ಟಲು ಖಾಲಿ."

"ಕಾಲುವೇಲಿ ಹುಲ್ಲು ಬೆಳೆದಿರುತ್ತೆ. ಕಿತ್ತು ಹಾಕು."

"ಹೋದ ವಾರ ಎರಡು ದಿನ ಕಿತ್ತೆ. ಈ ವಾರ ಒಂದು ದಿನ ಕಿತ್ತೆ. ಇನ್ನು ಕೀಳೋಕೆ ಉಳಿದಿರೋದು ನನ್ನ ತಲೆಕೂದಲು ಒಂದೇ."

ಬಟ್ಟಲಕ್ಕನಿಗೆ ನಗು ಬಂತು. ಆದರೂ ಕಣ್ಣು ತೊಟ್ಟಿಯ ಮೇಲೇ ಇತ್ತು.

"ನಾನು ಎಣಿಸಿದ್ದೀನಿ ಅಕ್ಕ. ನೀರು ನಡೆಯೋಕೆ ಇಪ್ಪತ್ನಾಲ್ಕು ನಿಮಿಷ ಬೇಕು. ನಿಮ್ಮ ಗಂಟೆ ಹದಿನಾರಕ್ಕೇ ಹೊಡೆಯುತ್ತೆ. ಮೂರು ಸರದಿ ನೋಡ್ದೆ, ಮೂರು ಸಲವೂ ಅಷ್ಟೆ."

"ನಿಮಿಷ ಗಿಮಿಷ ಇಲ್ಲಿ ಬೇಡ" ಬಟ್ಟಲಕ್ಕನ ದನಿ ಗಟ್ಟಿಯಾಯಿತು. "ನಿನ್ನ ಬಿಸ್ಕತ್ತು ಬೇಯಿಸೋ ಗಡಿಯಾರ ತಂದು ಈ ಬಟ್ಟಲಿಗೆ ಅಳತೆ ಹಿಡೀಬೇಡ. ಇಪ್ಪತ್ತಾರು ವರ್ಷ ಆಯ್ತು, ಇದು ಒಬ್ಬರಿಗೂ ಮೋಸ ಮಾಡಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಬೇಕರಿಯವಳು ಗುದ್ದಲಿಯನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿದಳು. ಸಿಟ್ಟು ಮಾಡಲಿಲ್ಲ. ಅದೇ ಬಟ್ಟಲಕ್ಕನಿಗೆ ಹೆಚ್ಚು ಚುಚ್ಚಿತು.

"ಆಯ್ತಕ್ಕ, ನನಗೆ ಕುಣಿಯೋಕೆ ಬರಲ್ಲ. ಇನ್ನೆರಡು ವಾರಕ್ಕೆ ಕಾಲುವೆ ಸಭೆ ಇದೆಯಲ್ಲ, ನನ್ನ ಪಾಲು ಬಿಟ್ಟುಬಿಡ್ತೀನಿ. ಮೊದಲ ಹೊಲದ ದೊಡ್ಡಣ್ಣ ಎರಡು ಸಲ ಕೇಳಿ ಕಳಿಸಿದ್ದಾರೆ. ಅರ್ಧ ಸಾಲು ನೆನೆಸೋ ನೀರಿಗೆ ಪೂರ್ತಿ ಕಾಲುವೆ ಕೆಲಸ ಯಾರು ಮಾಡ್ತಾರೆ?" ಹೊರಟವಳು ತಿರುಗಿ ನಿಂತು ಕೇಳಿದಳು. "ನೀವು ಯಾವತ್ತಾದ್ರೂ ನೀರು ಕೊನೆಹೊಲಕ್ಕೆ ಬರೋದನ್ನ ನೋಡಿದ್ದೀರಾ?"

ನೋಡಿರಲಿಲ್ಲ. ಹೇಗೆ ನೋಡುವುದು? ನೀರು ನಡೆಯುವಾಗಲೆಲ್ಲ ಆಕೆ ಬಟ್ಟಲಿನ ಮುಂದೆ ಕೂತಿರಬೇಕು. ಆಕೆ ನೋಡಿದ್ದು ನೀರು ಹೊರಡುವುದನ್ನು ಮಾತ್ರ.

ಪಾಲು ಬಿಡುವುದೆಂದರೆ ಸಣ್ಣ ಮಾತಲ್ಲ. ಸಭೆಯಲ್ಲಿ ಒಮ್ಮೆ ಬಿಟ್ಟ ಬಟ್ಟಲು ಮತ್ತೆ ಆ ಹೊಲಕ್ಕೆ ಸಿಗುವುದಿಲ್ಲ. ಬೇರೆ ಹೊಲಗಳಿಗೆ ಹಂಚಿಹೋಗುತ್ತದೆ. ಆಮೇಲೆ ಆ ಹೊಲ ಮಳೆ ನೋಡಿಕೊಂಡು ಇರಬೇಕು. ನೀರಿನ ಕೋಣೆಯಲ್ಲಿ ಇಪ್ಪತ್ತೊಂದನೆಯ ಹೊಲದ ಪೆಟ್ಟು ಇಲ್ಲದ ದಿನವನ್ನು ಬಟ್ಟಲಕ್ಕ ಯೋಚಿಸಿ ನೋಡಿದಳು. ಆಗಲಿಲ್ಲ.

ಕೊನೆಹೊಲದ ಮುಂದಿನ ಸರದಿ ಆರು ದಿನಕ್ಕೆ ಬಂತು. ಅಂದು ಬಟ್ಟಲಕ್ಕ ಗಂಡನನ್ನು ಮಣೆಯ ಮೇಲೆ ಕೂರಿಸಿದಳು. ಆತ ಗಾರೆ ಕೆಲಸದವನು. ಆ ವಾರ ಕೆಲಸವಿರಲಿಲ್ಲ.

"ಕಣ್ಣು ಮಿಟುಕಿಸದೆ ನೋಡ್ತಿರಿ. ಯಾರು ಮಾತಾಡಿಸಿದ್ರೂ ತಲೆ ಎತ್ತಬೇಡಿ. ನಡಿಗೆ ಬಟ್ಟಲು ಮುಳುಗಿದ ತಕ್ಷಣ ಒಂದು ಪೆಟ್ಟು."

"ಮದುವೆ ಆದಾಗ ನಿನ್ನ ಮುಖವನ್ನೂ ಇಷ್ಟು ಹೊತ್ತು ನೋಡಿರಲಿಲ್ಲ ನಾನು."

"ನೋಡಿದ್ರೆ ಬುದ್ಧಿ ಬರ್ತಿತ್ತು" ಎಂದು ಹೇಳಿ ಆಕೆ ಕಾಲುವೆಯ ಏರಿ ಹಿಡಿದಳು.

ಇಪ್ಪತ್ತನೆಯ ಹೊಲದ ಮಡೆ ಮುಚ್ಚಿತು. ತಲೆ ಎತ್ತಿದ ನೀರು ಒಣ ಕಾಲುವೆಗೆ ನುಗ್ಗಿತು. ನುಗ್ಗಿತು ಎಂದರೆ ಹೊರಟಾಗ ಮಾತ್ರ. ಹತ್ತು ಮಾರು ಹೋಗುವಷ್ಟರಲ್ಲಿ ಅದು ಮುದುಕರ ನಡಿಗೆಗೆ ಬಂತು. ನೀರಿನ ಮುಂತುದಿಯಲ್ಲಿ ಒಣ ಎಲೆ, ಕಡ್ಡಿ, ನೊರೆ, ಗಾಬರಿಬಿದ್ದ ಇರುವೆಗಳ ಸಾಲು. ಒಂದು ಬಿರುಕು ಸಿಕ್ಕರೆ ನೀರು ಅಲ್ಲೇ ನಿಂತು ಅದನ್ನು ತುಂಬುತ್ತದೆ, ಗುಳ್ಳೆ ಬಿಡುತ್ತದೆ, ಆಮೇಲೆ ಮುಂದಿನ ಗೇಣು. ಬಟ್ಟಲಕ್ಕ ಅದರ ಪಕ್ಕದಲ್ಲೇ ನಡೆದಳು. ಎಷ್ಟೋ ಸಲ ನಿಂತು ಕಾಯಬೇಕಾಯಿತು. ಕಾಲುವೆಯಲ್ಲಿ ಒಂದು ಎಳೆ ಹುಲ್ಲಿರಲಿಲ್ಲ. ಬೇಕರಿಯವಳು ತಳವನ್ನು ರೊಟ್ಟಿ ತಟ್ಟಿದ ಹಾಗೆ ನುಣ್ಣಗೆ ಮಾಡಿಟ್ಟಿದ್ದಳು.

ನೀರು ರಸ್ತೆಯ ಮೋರಿಯ ಬಾಯಿಗೆ ಬಂದಿತ್ತು. ಹಿಂದಿನಿಂದ ಠಣ್ ಎಂದು ಒಂದು ಪೆಟ್ಟು ಕೇಳಿಸಿತು.

ಬಟ್ಟಲಕ್ಕ ನಿಂತುಬಿಟ್ಟಳು. ಕೊನೆಹೊಲದ ಮಡೆ ಇನ್ನೂ ರಸ್ತೆ ದಾಟಿ, ಬೇವಿನ ಮರ ದಾಟಿ ಅಷ್ಟು ದೂರದಲ್ಲಿತ್ತು. ಆಚೆ ಗುದ್ದಲಿ ಊರಿ ನಿಂತಿದ್ದ ಬೇಕರಿಯವಳು ಕೈ ಕಿವಿಗೆ ಹಚ್ಚಿ, ಕೇಳಿಸಿತಾ ಎನ್ನುವಂತೆ ತಲೆಯಾಡಿಸಿದಳು.

ನೀರು ಮಡೆ ಮುಟ್ಟುವವರೆಗೂ ಬಟ್ಟಲಕ್ಕ ಜೊತೆಗೇ ನಡೆದಳು. ಆಮೇಲೆ ಸಾಲುಗಳಿಗೆ ಇಳಿದಳು. ಸಾಲಿನ ತಲೆಯಲ್ಲಿ ಗಿಡಗಳು ಕಡುಹಸಿರಾಗಿ ಕಾಯಿ ಹಿಡಿದಿದ್ದವು. ನಡುವೆ ಸುಮಾರಾಗಿದ್ದವು. ತುದಿಯಲ್ಲಿ ಎಲೆಗಳು ಮುದುಡಿ, ಹೂವು ನೆಲಕ್ಕೆ ಉದುರಿತ್ತು. ಉದುರಿದ ಹೂಗಳನ್ನು ಆಕೆ ಅಂಗೈಗೆ ಹಾಕಿಕೊಂಡು ನೋಡಿದಳು. ಕೊನೆಯ ಗಂಟೆ ಹೊಡೆದು ನೀರು ನಿಂತಾಗ ಸಾಲುಗಳ ಮೂರನೆಯ ಒಂದು ಭಾಗ ಒಣಗಿಯೇ ಉಳಿದಿತ್ತು.

ಕೋಣೆಗೆ ಬಂದವಳು ನೇರ ಗಂಡನ ಮೇಲೆ ಹೋದಳು.

"ನಿದ್ದೆ ಮಾಡಿದ್ರಾ? ಬೇಗ ಬಾರಿಸಿದ್ರಾ? ದೊಡ್ಡಣ್ಣ ಬಂದಿದ್ದರಾ?"

"ಒಂದು ಸಲ ಕೆಮ್ಮಿದೆ. ಅದಕ್ಕೂ ನಿನ್ನ ಅಪ್ಪಣೆ ಬೇಕಿತ್ತು ಅಂತ ಗೊತ್ತಿರಲಿಲ್ಲ."

ಆತ ಸುಳ್ಳು ಹೇಳುವವನಲ್ಲ. ಅಂದು ಸಂಜೆ ಆಕೆ ಮನೆಯ ಹಿತ್ತಲಿನ ಕಲ್ಲಿನ ಮೇಲೆ ಕೂತು ಎಂದಿನಂತೆ ಬಟ್ಟಲು ತಿಕ್ಕಿದಳು. ಎಂದಿನಂತೆ ದಬ್ಬಳ ತೆಗೆದುಕೊಂಡು ತೂತಿಗೆ ಹಾಕಿ ತಿರುವಿದಳು. ದಬ್ಬಳದ ಮೊನೆ ಮಾತ್ರವಲ್ಲ, ಅದರ ದಪ್ಪ ನಡುವೂ ಸಲೀಸಾಗಿ ಒಳಗೆ ಹೋಯಿತು. ಮೊದಲು ಮೊನೆಯಷ್ಟೇ ಹೋಗುತ್ತಿತ್ತಲ್ಲ?

ಕೈ ಅಲ್ಲೇ ನಿಂತಿತು. ಅತ್ತೆ ಬಟ್ಟಲಿನ ಜೊತೆ ಇನ್ನೊಂದು ವಸ್ತು ಕೊಟ್ಟಿದ್ದರು. ಬೆರಳುದ್ದದ ಹಿತ್ತಾಳೆ ಕಡ್ಡಿ. "ತೂತು ಕಟ್ಟಿದ್ರೆ ಇದನ್ನೇ ಹಾಕು, ಬೇರೆ ಏನೂ ಹಾಕಬೇಡ" ಎಂದಿದ್ದರು. ಅದು ತೂತಿಗೆ ಬಿಗಿಯಾಗಿ ಕೂತು ಬೂದಿ ತೆಗೆಯಲು ಕಷ್ಟವಾಗುತ್ತಿತ್ತು. ಹಾಗಾಗಿ ಸೊಸೆ ಮೊದಲ ತಿಂಗಳಲ್ಲೇ ಅದನ್ನು ಹೊಲಿಗೆ ಡಬ್ಬಿಗೆ ಹಾಕಿ ದಬ್ಬಳ ಹಿಡಿದಿದ್ದಳು.

ಗುಂಡಿ, ದಾರ, ಮುರಿದ ಕೊಕ್ಕೆಗಳ ಅಡಿಯಲ್ಲಿ ಕಡ್ಡಿ ಸಿಕ್ಕಿತು. ಬಟ್ಟಲನ್ನು ಎತ್ತಿ ಹಿಡಿದು ತೂತಿಗೆ ಕಡ್ಡಿ ಬಿಟ್ಟಳು. ಕಡ್ಡಿ ನಿಲ್ಲಲಿಲ್ಲ. ಸೀದಾ ಕೆಳಗೆ ಬಿದ್ದು ಕಲ್ಲಿನ ಮೇಲೆ ಟಿಣ್ ಎಂದಿತು. ಮತ್ತೆ ಬಿಟ್ಟಳು, ಮತ್ತೆ ಟಿಣ್. ಮೂರನೆಯ ಸಲ ಬಿಡಲು ಧೈರ್ಯವಾಗಲಿಲ್ಲ.

ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ವಿಷಯ ತಿಳಿಯಲು ಆತನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ದಿನಾ ಅಳತೆದಾರ ಹಿಡಿಯುವವನು.

"ತೂತು ದೊಡ್ಡದಾಗಿದೆ. ಬಟ್ಟಲು ಬೇಗ ಮುಳುಗ್ತಿದೆ" ಎಂದ. "ಅದಕ್ಕೇ ಒಂಬತ್ತು ದಿನಕ್ಕೆ ಸುತ್ತು ಬರ್ತಿದ್ದ ಸರದಿ ಈಗ ಆರು ದಿನಕ್ಕೆ ಬರ್ತಿದೆ. ಎಲ್ಲರೂ ನೀನು ಚುರುಕು ಅಂತಿದ್ರು."

"ತಿಕ್ಕಿ ತಿಕ್ಕಿ ನಾನೇ ಸವೆಸಿದ್ದೀನಿ."

"ಒಂದು ಕೆಲಸ ಮಾಡೋಣ. ಸುತ್ತಿಗೇಲಿ ತೂತಿನ ಅಂಚು ಸ್ವಲ್ಪ ತಟ್ಟಿಕೊಡ್ತೀನಿ. ಮೆಲ್ಲಗೆ ಸರಿಹೋಗುತ್ತೆ. ಕಾಗೆಗೂ ತಿಳಿಯಲ್ಲ."

ಬಟ್ಟಲಕ್ಕ ಬಟ್ಟಲನ್ನು ಸೆರಗಿನಲ್ಲಿ ಒರೆಸಿದಳು. ಮತ್ತೆ ಒರೆಸಿದೆನಲ್ಲ ಎಂದು ಕೈ ಹಿಂತೆಗೆದಳು.

"ಬೇಡ. ಕದ್ದು ಕೆಟ್ಟಿದ್ದಲ್ಲ, ಎಲ್ಲರ ಎದುರೇ ಕೆಟ್ಟಿದೆ. ಸರಿಯಾಗೋದೂ ಎಲ್ಲರ ಎದುರೇ ಆಗಲಿ. ಗುಟ್ಟಾಗಿ ಸರಿ ಮಾಡಿದ್ರೆ ನಾಳೆ ಸರದಿ ತಡ ಆದಾಗ ದೊಡ್ಡಣ್ಣ ಏನಂತಾನೆ? ಬೇಕರಿಯವಳಿಗೋಸ್ಕರ ಅಕ್ಕ ಬಟ್ಟಲು ನಿಧಾನ ಮಾಡಿದ್ಲು ಅಂತಾನೆ. ಅವಳ ಪಾಲೂ ಹೋಗುತ್ತೆ, ಬಟ್ಟಲಿನ ಮಾನವೂ ಹೋಗುತ್ತೆ."

"ಸಭೇಲಿ ಹೇಳಿದ್ರೆ ನಿನ್ನನ್ನ ಮಣೆಯಿಂದ ಏಳಿಸ್ತಾರೆ."

"ಏಳಿಸಲಿ. ಎದ್ದು ನಿಂತೇ ಹೇಳ್ತೀನಲ್ಲ."

ಮರುದಿನ ಬೆಳಗಿನ ಹೊತ್ತು ಗಂಡನನ್ನೇ ಮಣೆಗೆ ಹಚ್ಚಿ ಆಕೆ ಪೇಟೆಯ ತಾಮ್ರದ ಕೆಲಸದವರ ಅಂಗಡಿಗೆ ಹೋದಳು. ಇರುಕು ಬೀದಿ, ಬಾಗಿಲಿಗೆ ಅಡ್ಡವಾಗಿ ಬೋರಲು ಹಾಕಿದ ಹಂಡೆಗಳು, ಒಳಗೆ ಇದ್ದಿಲ ವಾಸನೆ. ಕೋಣೆಯ ಬಟ್ಟಲು ಆಗಲೇ ನೀರಿನ ಮೇಲಿತ್ತು. ಹಾಗಾಗಿ ಆಕೆ ಒಯ್ದದ್ದು ಕಡ್ಡಿ ಮತ್ತು ಮಾತು. ಮುದುಕ ಕುಶಲಿಗ ಎಲ್ಲ ಕೇಳಿ, ಕಡ್ಡಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ.

"ತೂತು ದೊಡ್ಡದು ಮಾಡೋಕೆ ಯಾರಿಗಾದ್ರೂ ಬರುತ್ತೆ ತಾಯಿ. ಚಿಕ್ಕದು ಮಾಡೋಕೆ ಮಾತ್ರ ನಮ್ಮ ಹತ್ರ ಬರಬೇಕು. ಹಳೆ ತೂತಿಗೆ ಒಂದು ತಾಮ್ರದ ಗುಂಡಿ ಕೂರಿಸಿ ಬೆಸೆದು, ಅದರಲ್ಲಿ ಈ ಕಡ್ಡಿ ಅಳತೆಗೆ ಹೊಸ ತೂತು ಕೊರೀತೀನಿ. ಬಟ್ಟಲು ತನ್ನಿ."

"ಸಭೆ ಮುಗಿದ ಮೇಲೆ ತರ್ತೀನಿ. ಅಲ್ಲೀವರೆಗೂ ಅದು ಹೀಗೇ ಇರಬೇಕು. ನೀವು ಗುಂಡಿ ಮಾಡಿ ಇಡಿ."

ಆ ಸಂಜೆಯಿಂದ ಆಕೆ ಬಟ್ಟಲು ತಿಕ್ಕಲಿಲ್ಲ. ಬೂದಿಯ ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟಳು. ಬೇಕರಿಯವಳ ಮನೆಗೂ ಹೋದಳು, ಒಳಗೆ ಕೂರಲಿಲ್ಲ.

"ನೆಲ ಡೊಂಕೇ ಇತ್ತು ಕಣೇ" ಎಂದಳು ಹೊಸಿಲ ಹೊರಗೆ ನಿಂತೇ. "ಸಭೆಗೆ ಬಾ. ನಾನು ಮಾತು ಮುಗಿಸೋವರೆಗೂ ಪಾಲಿನ ಸುದ್ದಿ ಎತ್ತಬೇಡ."

ಸಭೆ ಸೇರಿದ್ದು ಕೊನೆಹೊಲದ ಸರದಿಯ ದಿನವೇ. ಅದು ತಾನಾಗಿ ಹಾಗೆ ಬಿದ್ದದ್ದಲ್ಲ. ಬಟ್ಟಲಕ್ಕ ಮನೆಮನೆಗೆ ಹೇಳಿಕಳಿಸಿ ಎರಡು ದಿನ ಮುಂಚೆ ಕರೆಸಿದ್ದಳು. ಇಪ್ಪತ್ತೊಂದು ಹೊಲದವರು ಕೋಣೆಯ ಮುಂದೆ ಕಾಲುವೆಯ ಏರಿಯ ಮೇಲೆ ಕೂತರು. ಎಲ್ಲರಿಗಿಂತ ಮುಂದೆ, ತನ್ನ ದೇಹಕ್ಕೆ ತಕ್ಕ ಜಾಗ ಹಿಡಿದು, ದೊಡ್ಡಣ್ಣ. ಮೊದಲ ಹೊಲ ಅವನದು, ಹದಿನಾರು ಬಟ್ಟಲಿನ ಪಾಲು. ಹೊಲದ ತುಂಬ ಸೊಪ್ಪು ಹಾಕುತ್ತಾನೆ. ಕೆಟ್ಟವನಲ್ಲ. ನೀರು ಕಂಡರೆ ಆಸೆ, ಅಷ್ಟೆ.

ಬಟ್ಟಲಕ್ಕ ತೂಬು ಮುಚ್ಚಿ, ಬಟ್ಟಲನ್ನು ಎತ್ತಿ ಹಿಡಿದಳು. "ಈ ಬಟ್ಟಲು ತಪ್ಪಾಗಿದೆ. ತಪ್ಪು ಮಾಡಿದವಳು ನಾನು" ಎಂದಳು. ಆಮೇಲೆ ಕಡ್ಡಿಯನ್ನು ತೋರಿಸಿ, ಅತ್ತೆ ಹೇಳಿದ್ದನ್ನೂ ತಾನು ಕೇಳದೆ ಹೋದದ್ದನ್ನೂ ಹೇಳಿ, ಕಡ್ಡಿಯನ್ನು ತೂತಿಗೆ ಬಿಟ್ಟಳು. ಟಿಣ್. ಹಿಂದಿನ ಸಾಲಿನವರು ಎದ್ದು ನಿಂತು ನೋಡಿದರು. ಅವರಿಗಾಗಿ ಇನ್ನೊಮ್ಮೆ ಬಿಟ್ಟಳು.

ಎಲ್ಲರೂ ಒಟ್ಟಿಗೆ ಮಾತಾಡಿದರು.

"ನಾವು ಅಕ್ಕನ ಬಟ್ಟಲು ಕನ್ನಡಿ ಅಂತ ಹೊಗಳಿದ್ದೇ ತಪ್ಪಾಯ್ತು ನೋಡು" ಎಂದ ಒಬ್ಬ.

ದೊಡ್ಡಣ್ಣ ಕೈ ಎತ್ತಿದ. "ಒಂದು ನಿಮಿಷ ತಡೀರಿ."

"ನಿಮಿಷದ ಮಾತು ಬೇಡ" ಎಂದಿತು ಹಿಂದಿನಿಂದ ಒಂದು ದನಿ. ನಗೆ ಎದ್ದಿತು.

"ಸರಿ, ಒಂದು ಬಟ್ಟಲು ತಡೀರಿ. ತೂತು ದೊಡ್ಡದೋ ಚಿಕ್ಕದೋ, ಎಲ್ಲರಿಗೂ ಅದೇ ಬಟ್ಟಲು ತಾನೇ? ಸರದಿ ಚಿಕ್ಕದಾಯ್ತು, ಹಾಗೇ ಬೇಗ ಬೇಗ ಬಂತು. ಅಲ್ಲಿಗಲ್ಲಿಗೆ ಸಮ. ಯಾರಿಗೆ ನಷ್ಟ?"

"ನಿಮಗೂ ನನಗೂ ಸಮ ದೊಡ್ಡಣ್ಣ. ನೀರಿನ ಕಾಲಿಗೆ ಸಮ ಅಲ್ಲ" ಎಂದಳು ಬಟ್ಟಲಕ್ಕ. "ಬಟ್ಟಲಿನ ಹೊತ್ತು ಚಿಕ್ಕದಾಯ್ತು ಅಂತ ನೀರು ಬೇಗ ನಡೆಯುತ್ತಾ? ಕೊನೆಹೊಲದ ದಾರಿ ಅಷ್ಟೇ ಇದೆ. ನಡಿಗೆ ಬಟ್ಟಲು ಸಾಲದೆ ಅವಳ ಪಾಲಿನಲ್ಲಿ ಕಚ್ಚುತ್ತಿದೆ."

"ಹಾಗಾದ್ರೆ ಅವಳಿಗೆ ಇನ್ನೊಂದು ನಡಿಗೆ ಬಟ್ಟಲು ಕೊಡೋಣ. ಬಟ್ಟಲು ಇದ್ದ ಹಾಗೇ ಇರಲಿ. ನನ್ನ ಸೊಪ್ಪು ಆರು ದಿನದ ನೀರಿಗೆ ಒಗ್ಗಿದೆ. ಒಂಬತ್ತು ದಿನ ಕಾಯಿಸಿದ್ರೆ ತಲೆ ಬಗ್ಗಿಸಿ ಮಲಗುತ್ತೆ."

ಹಲವರು ತಲೆಯಾಡಿಸಿದರು. ಮಾತು ನ್ಯಾಯವಾಗಿಯೇ ಕೇಳಿಸುತ್ತಿತ್ತು. ಇಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದ ಬೇಕರಿಯವಳು ಬಟ್ಟಲಕ್ಕನ ಮುಖ ನೋಡಿದಳು. ಬಟ್ಟಲಕ್ಕ ಹೂಂ ಎಂದಳು.

"ದೊಡ್ಡಣ್ಣ, ನೀರು ಮಡೆಗೆ ಬಂದ ಮೇಲೂ ಸಾಲಿನಲ್ಲಿ ನಡೀಬೇಕಲ್ವಾ? ತುದಿ ಮುಟ್ಟೋಕೆ ಒಂದೇ ಸಲಕ್ಕೆ ಅಷ್ಟು ನೀರು ಬೇಕು. ಅರ್ಧರ್ಧ ಎರಡು ಸಲ ಬಿಟ್ರೆ ಸಾಲಿನ ತಲೆಯೇ ಎರಡು ಸಲ ನೆನೆಯುತ್ತೆ, ತುದಿ ಎರಡು ಸಲವೂ ಒಣಗುತ್ತೆ. ಬಟ್ಟಲು ಸರಿಯಿದ್ದಾಗ ಅಪ್ಪ ಮೂವತ್ತು ಸಾಲೂ ನೆನೆಸ್ತಿದ್ರು."

"ಅದೂ ಅಲ್ಲದೆ," ಬಟ್ಟಲಕ್ಕ ಸೇರಿಸಿದಳು, "ತಪ್ಪು ಬಟ್ಟಲಿಗೆ ಇನ್ನೊಂದು ತಪ್ಪು ಬಟ್ಟಲು ಕೂಡಿಸಿದ್ರೆ ಸರಿ ಬಟ್ಟಲಾಗಲ್ಲ. ಇವತ್ತು ಇವಳಿಗೆ ಒಂದು ಕೊಡ್ತೀರಿ. ನಾಳೆ ಇನ್ನೊಬ್ಬರು ಕೇಳ್ತಾರೆ. ಆಮೇಲೆ ನಿಮ್ಮ ಗಡಿಯಾರಗಳೆಲ್ಲ ಮತ್ತೆ ಇಲ್ಲಿಗೆ ಬರುತ್ತೆ."

"ಬಾಯಲ್ಲಿ ಹೇಳೋದು ಸುಲಭ" ಎಂದ ದೊಡ್ಡಣ್ಣ. "ನೀರು ಮೋರಿ ಹತ್ರ ಇರುವಾಗಲೇ ಗಂಟೆ ಹೊಡೆಯುತ್ತೆ ಅನ್ನೋದನ್ನ ನಾನಂತೂ ನೋಡಿಲ್ಲ."

ಬಟ್ಟಲಕ್ಕ ಕಾಯುತ್ತಿದ್ದದ್ದೇ ಈ ಮಾತಿಗೆ.

"ನಾನೂ ನೋಡಿರಲಿಲ್ಲ. ಈಗ ಅವಳದೇ ಸರದಿ. ನೀವು ನೀರಿನ ಜೊತೆ ನಡೀರಿ. ನಾನು ತೂಬು ತೆರೆದು ಬಟ್ಟಲು ತೇಲಿಬಿಡ್ತೀನಿ. ಇಷ್ಟು ಜನ ನೋಡ್ತಿರ್ತಾರೆ."

ಎಲ್ಲರ ಕಣ್ಣೂ ತನ್ನ ಮೇಲಿರುವಾಗ ದೊಡ್ಡಣ್ಣ ಏಳದೆ ಇರುವ ಹಾಗಿರಲಿಲ್ಲ. ಪಂಚೆ ಎತ್ತಿ ಕಟ್ಟಿ ಹೊರಟ. ಜೊತೆಗೆ ಇನ್ನೂ ಆರೇಳು ಮಂದಿ ಹೋದರು. ಉಳಿದವರು ತೊಟ್ಟಿಯ ಸುತ್ತ ನಿಂತರು. ಬಟ್ಟಲು ತುಂಬುತ್ತ ಬಂತು. ಅಂಚಿಗೆ ನೀರು ಬಂದಾಗ ಎಲ್ಲರೂ ಬಗ್ಗಿ ನೋಡಿದರು. ಗುಳುಂ. ಬಟ್ಟಲಕ್ಕ ಒಂದು ಪೆಟ್ಟು ಬಾರಿಸಿದಳು. ಇಷ್ಟು ವರ್ಷದಲ್ಲಿ ಮೊದಲ ಸಲ, ಬಾರಿಸುವಾಗ ಆಕೆಯ ಕೈ ಕಂಬಿಯ ತುದಿಗೆ ತಾಗಿ ತರಚಿತು.

ಬಹಳ ಹೊತ್ತಿನ ಮೇಲೆ ದೊಡ್ಡಣ್ಣ ತಿರುಗಿ ಬಂದ. ಮೀನಖಂಡದವರೆಗೆ ಕೆಸರು, ಮುಖದ ತುಂಬ ಬೆವರು. ಏರಿಯ ಮೇಲೆ ಕೂತು ಉಸಿರು ಬಿಟ್ಟ.

"ಏನಾಯ್ತು ದೊಡ್ಡಣ್ಣ?"

"ಗಂಟೆ ಹೊಡೆದಾಗ ಮೋರಿಯ ಈಚೆಗೇ ಇದ್ದೆವು" ಎಂದ. ಕಾಲಿನ ಕೆಸರು ಒರೆಸುತ್ತ, "ಸಾಲಿನ ತುದೀಲಿ ಹೂವೆಲ್ಲ ಉದುರಿದೆ" ಎಂದ. ಸೊಪ್ಪು ಬೆಳೆಯುವವನಿಗೂ ಉದುರಿದ ಹೂವು ಅರ್ಥವಾಗುತ್ತದೆ. "ನಾನು ಅವಳ ಪಾಲು ಕೇಳಿ ಕಳಿಸಿದ್ದೆ. ಅದು ಅಲ್ಲಿಗೇ ಬಿಟ್ಟೆ. ಆದ್ರೆ ನನ್ನ ಸೊಪ್ಪಿಗೆ ಒಂದು ದಾರಿ ಹೇಳಿ."

"ಸಾಲಿನ ನಡುವೆ ಒಣಹುಲ್ಲು ಹೊದಿಸಿ" ಎಂದಳು ಬೇಕರಿಯವಳು. "ಬ್ರೆಡ್ಡಿಗೆ ಒದ್ದೆ ಬಟ್ಟೆ ಮುಚ್ಚೋ ಹಾಗೆ. ತೇವ ಬೇಗ ಹೋಗಲ್ಲ."

"ಇನ್ನು ನನ್ನ ಹೊಲವನ್ನೂ ಬೇಕರಿ ಮಾಡ್ತಾಳೆ ಇವಳು" ಎಂದ ದೊಡ್ಡಣ್ಣ. ಒಪ್ಪಿಕೊಂಡ ದನಿಯಲ್ಲೇ ಹೇಳಿದ. ಆದರೂ ಅರ್ಧ ಹೊಲದ ಸೊಪ್ಪು ಈ ಸಲ ಹೋಯಿತೆಂದು ಅವನಿಗೆ ಗೊತ್ತಿತ್ತು.

ಇನ್ನೊಂದು ಪ್ರಶ್ನೆ ಉಳಿದಿತ್ತು. ಅದನ್ನು ಎತ್ತಿದವಳೂ ಬಟ್ಟಲಕ್ಕನೇ. "ಬಟ್ಟಲು ನಾಳೆ ರಿಪೇರಿಗೆ ಹೋಗುತ್ತೆ. ವಾಪಸ್ ಬಂದ ಮೇಲೆ ಯಾರ ಕೈಗೆ ಕೊಡ್ತೀರಿ, ಹೇಳಿ. ನಾನು ಮಣೆ ಬಿಡೋಕೆ ತಯಾರಿದ್ದೀನಿ."

ಎಲ್ಲರೂ ಬೇಕರಿಯವಳ ಕಡೆ ನೋಡಿದರು. ಕಳೆದುಕೊಂಡವಳು ಅವಳು, ಹೇಳಬೇಕಾದವಳೂ ಅವಳೇ.

"ಅಕ್ಕನ ಹತ್ರವೇ ಇರಲಿ" ಎಂದಳು ಅವಳು. "ಬೂದಿ ಡಬ್ಬಿ, ದಬ್ಬಳ ಎರಡೂ ನನ್ನ ಮನೇಲಿ ಇರಲಿ."

ಆ ಮಾತಿಗೆ ಎದ್ದ ನಗೆ ಇನ್ನೂ ಏರಿಯ ಮೇಲೆ ಇರುವಾಗಲೇ ಒಪ್ಪಿಗೆಯ ಕೈಗಳು ಮೇಲೆದ್ದವು. ವರ್ಷಕ್ಕೊಮ್ಮೆ, ಸಭೆಯ ದಿನ, ಕಡ್ಡಿಯನ್ನು ಎಲ್ಲರ ಎದುರು ತೂತಿಗೆ ಹಾಕಿ ನೋಡಬೇಕೆಂದೂ ಕಟ್ಟಾಯಿತು.

ಮರುದಿನ ತೂಬು ತೆರೆಯಲಿಲ್ಲ. ಬಟ್ಟಲಕ್ಕ ತಾಮ್ರದ ಅಂಗಡಿಯ ಮುಂದೆ ಬೆಳಗಿನಿಂದ ಸಂಜೆಯವರೆಗೆ ಕೂತಳು. ಮುದುಕ ಹೊಸ ಗುಂಡಿ ಬೆಸೆದು ತೂತು ಕೊರೆದು, ಕಡ್ಡಿ ಹಾಕಿ ಬಟ್ಟಲನ್ನು ತಲೆಕೆಳಗು ಮಾಡಿ ಅಲ್ಲಾಡಿಸಿದ. ಕಡ್ಡಿ ಬೀಳಲಿಲ್ಲ. ಆಕೆ ಇನ್ನೊಮ್ಮೆ ಅಲ್ಲಾಡಿಸಲು ಹೇಳಿದಳು.

ಕೊನೆಹೊಲದ ಸರದಿ ಈ ಸಲ ಒಂಬತ್ತನೆಯ ದಿನಕ್ಕೆ ಬಂತು. ಆ ಒಂಬತ್ತು ದಿನ ದೊಡ್ಡಣ್ಣ ಕೋಣೆಯ ಮುಂದೆ ಹಾದುಹೋಗುವಾಗಲೆಲ್ಲ, "ಮುಳುಗಿತಾ ಅಕ್ಕ, ಇಲ್ಲಾ ಈಜು ಕಲೀತಾ?" ಎಂದು ಚುಚ್ಚುತ್ತಿದ್ದ. ಬಟ್ಟಲಿನ ಹೊಳಪು ಮಾಸಿ ಅಲ್ಲಲ್ಲಿ ಕಂದು ಕಲೆ ಬಿದ್ದಿತ್ತು. ಅದನ್ನು ನೋಡಿದಾಗಲೆಲ್ಲ ತಿಕ್ಕಲು ಬಟ್ಟಲಕ್ಕನ ಕೈ ತುರಿಸುತ್ತಿತ್ತು. ಆಗ ಎರಡೂ ಕೈ ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದಳು.

ಇಪ್ಪತ್ತನೆಯ ಹೊಲದ ಗಂಟೆ ಬಾರಿಸಿ ಆಕೆ ನಡಿಗೆ ಬಟ್ಟಲು ತೇಲಿಬಿಟ್ಟಳು. ನೀರು ಈಗ ಎಲ್ಲಿರಬೇಕೆಂದು ಕಣ್ಣು ಬಟ್ಟಲಿನ ಮೇಲಿಟ್ಟೇ ನೋಡಬಲ್ಲವಳಾಗಿದ್ದಳು. ಈಗ ಬಿರುಕು ತುಂಬುತ್ತಿದೆ. ಈಗ ಮೋರಿಯ ಬಾಯಿ. ಈಗ ರಸ್ತೆಯ ಆಚೆ. ಈಗ ಬೇವಿನ ಮರ. ಬಟ್ಟಲು ಇನ್ನೂ ತೇಲುತ್ತಿತ್ತು. ಕಡೆಗೆ ಓಲಾಡಿತು. ಮುಳುಗಿತು. ಬಟ್ಟಲಕ್ಕ ಪೆಟ್ಟು ಬಾರಿಸಿ ಸುತ್ತಿಗೆಯನ್ನು ಕೈಯಲ್ಲೇ ಹಿಡಿದು ಕಿವಿ ಕೊಟ್ಟಳು.

ರಸ್ತೆಯ ಆಚೆಯಿಂದ, ನೀರು ಮಡೆ ಮುಟ್ಟಿತೆಂದು ಬೇಕರಿಯವಳು ಗುದ್ದಲಿಗೆ ಕಲ್ಲು ಬಡಿದ ಸದ್ದು ಬಂತು. ಒಂದೇ ಪೆಟ್ಟು.

ಮಧ್ಯಾಹ್ನ ಬೇಕರಿಯವಳು ಬಂದಾಗ ಮೊಣಕಾಲಿನವರೆಗೆ ಕೆಸರಾಗಿತ್ತು.

"ಇಪ್ಪತ್ತೆಂಟು ಸಾಲು ತುದಿ ಮುಟ್ಟಿತು ಅಕ್ಕ. ಎರಡು ಮಾತ್ರ ಮುಕ್ಕಾಲಿಗೆ ನಿಂತಿತು."

ಬಟ್ಟಲಕ್ಕ ಮುಳುಗಿದ ಬಟ್ಟಲನ್ನು ಎತ್ತಿ, ನೀರು ಚೆಲ್ಲಿ, ಮೊದಲ ಹೊಲಕ್ಕೆ ತೇಲಿಬಿಟ್ಟಳು. ಎಡಗಡೆಯ ಕುಳಿಯಿಂದ ಒಂದು ಹರಳು ಬಲಗಡೆಗೆ ಹೋಯಿತು.

"ಆ ಎರಡು ಸಾಲು ನಿನ್ನ ಗುದ್ದಲಿಯ ತಪ್ಪು" ಎಂದಳು, ಕಣ್ಣು ತೆಗೆಯದೆ. "ನನ್ನ ಬಟ್ಟಲಿನದಲ್ಲ. ಹೋಗಿ ಸಾಲಿನ ತಳ ಸಮ ಮಾಡು."